ತುಳುಕದ ಕೆಟಲು

ಮನೆ ಕಟ್ಟಿ ನೋಡು ಅನ್ನುತ್ತದೆ ಲೋಕ.
ನಮ್ಮವರು ತೇಲಿಸಿ ನೋಡಿದರು.

ನ್ಯೂಫೌಂಡ್‌ಲ್ಯಾಂಡಿನ ಆ ಅಂಚಿನಲ್ಲಿ
ಸರ್ಕಾರ ಊರು ಬಿಡಿ ಎಂದ ವರ್ಷ,
ತಲೆಗಿಷ್ಟು ಅಂತ ಕಾಸು ಎಣಿಸಿದ ವರ್ಷ,
ಖಾಲಿ ಎಣ್ಣೆ ಪೀಪಾಯಿ ನಲವತ್ತು ಬಿಗಿದು
ಉಬ್ಬರಕ್ಕೆ ಕಾದು
ಆರು ದೋಣಿಗೆ ಹಗ್ಗ ಕಟ್ಟಿ
ಟ್ಯಾಲೋ ದ್ವೀಪದಿಂದ ಈಚೆ ದಡಕ್ಕೆ
ಮನೆಯನ್ನು ಎಳೆತಂದರಂತೆ.
ಮುತ್ತಜ್ಜಿ ಕೆಜಾಯಾ ಇಳಿಯಲಿಲ್ಲವಂತೆ.
ಒಲೆ ಪಕ್ಕ ಅವಳು, ಒಲೆ ಮೇಲೆ ಕೆಟಲು,
ಹದಿಮೂರು ಮೈಲಿ ಉಪ್ಪುನೀರು,
ಒಂದು ಹನಿ ತುಳುಕಲಿಲ್ಲವಂತೆ.

ಈ ಅಂತೆಕಂತೆಗಳ ಸಂತೆಯಲ್ಲೇ
ನನ್ನ ಹಾಲುಹಲ್ಲು ಉದುರಿದ್ದು.
ಒಬೆಡ್ ದೊಡ್ಡಪ್ಪ ಪ್ರತಿ ಕ್ರಿಸ್‌ಮಸ್ಸಿಗೆ ಹೇಳುತ್ತಾನೆ
(ಆಗ ಅವನು ಬೇರೆ ಊರಿನ ಮೀನು ಕಾರ್ಖಾನೆಯಲ್ಲಿದ್ದ).
ಒಂದು ವರ್ಷ ತಿಮಿಂಗಿಲ ಬಂತು, ಕಿಟಕಿಯಲ್ಲಿ ಇಣುಕಿತು,
ಮರುವರ್ಷ ಮರೆತುಹೋಯಿತು.
ಕೆಟಲು ಮಾತ್ರ ಕದಲಿಲ್ಲ.

ನಾನು ಬಡಗಿ. ಮಾತಿಗಿಂತ ಟೇಪನ್ನು ನಂಬುವವಳು.
ಮೊದಲು ನಮ್ಮ ಮನೆಯನ್ನೇ ಅಳೆದೆ, ಹೊರಗೋಡೆಯ ಗುಂಟ:
ಇಪ್ಪತ್ತು ಅಡಿಗೆ ಹತ್ತೊಂಬತ್ತು ಅಡಿ.
ಆಮೇಲೆ ಚರ್ಚಿನ ಹಳೇ ಪುಸ್ತಕ,
ಬಿಸ್ಕತ್ತಿನ ಡಬ್ಬಿಯಲ್ಲಿ ಕಡಲು ದಾಟಿ ಬಂದದ್ದು:
ಕೆಜಾಯಾ ಪೆಲ್ಲಿ, ಮಣ್ಣು ಮಾಡಿದ್ದು ಅರವತ್ತಾರರ ಮಾರ್ಚ್.
ಮನೆ ನೀರಿಗಿಳಿದದ್ದು ಅರವತ್ತೇಳರ ಆಗಸ್ಟು.

ಇಳಿಯಲಿಲ್ಲ, ನಿಜ.
ಹತ್ತಿದ್ದರೆ ತಾನೆ.

ಜುಲೈನಲ್ಲಿ ಆಂಬ್ರೋಸನ ದೋಣಿ ಹಿಡಿದೆ.
ಎಂಬತ್ತು ಡಾಲರು. ಮಾತಿಗೆ ಬೇರೆ ಲೆಕ್ಕವೇನೋ,
ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ.
ದ್ವೀಪದಲ್ಲಿ ಮನೆಗಳಿಲ್ಲ. ಬಾಗಿಲಿದ್ದ ಕಡೆಯೆಲ್ಲ
ರೂಬಾರ್ಬಿನ ಕೆಂಪು ದಂಟು
ಕೊಯ್ಯುವವರಿಲ್ಲದೆ ಸೊಂಟದೆತ್ತರ.
ಮುರಿದು ಕಚ್ಚಿದೆ. ಹುಳಿ, ಕಿವಿಯವರೆಗೂ ಹುಳಿ.
ಬಾವಿಯ ಎಡಕ್ಕೆ, ಮೂರನೆಯದು ನಮ್ಮದು.
ಪಾಚಿ ಕೆರೆದು ಅಡಿಗಲ್ಲು ಹುಡುಕಿ ಟೇಪು ಎಳೆದೆ.
ಇಪ್ಪತ್ತು ಅಡಿ.
ಇಪ್ಪತ್ತಾರು ಅಡಿ.
ಮತ್ತೆ ಎಳೆದೆ. ಇಪ್ಪತ್ತಾರೇ.

ಏಳು ಅಡಿ ಮನೆ ಎಲ್ಲಿ ಹೋಯಿತು?

ಟೇಪಿನ ಆ ತುದಿ ಹಿಡಿದು ಕೂತಿದ್ದ ಆಂಬ್ರೋಸ್.
"ಅದು ಗೊತ್ತಿಲ್ಲ," ಅಂದ. "ಕೆಟಲಿನದು ಗೊತ್ತು.
ಒಳಗಿದ್ದವನು ನಾನು. ಒಂಬತ್ತು ವರ್ಷ.
ನೀರು ಒಸರಿದರೆ ಕೂಗು ಅಂತ ಕೂರಿಸಿದ್ದರು.
ನಿನ್ನ ತಾತ ಕೆಟಲನ್ನು ನನ್ನ ಮಡಿಲಿಗಿಟ್ಟು
ಅಮ್ಮನದು, ಬಿಡಬೇಡ ಅಂದ.
ಅರ್ಧ ದಾರಿಗೆ ಹೊಟ್ಟೆ ತೊಳೆಸಿತು.
ಅವಳು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ ನೆಲ,
ಅದರ ಮೇಲೆ ಕಕ್ಕುವುದಾ?
ಮುಚ್ಚಳ ತೆಗೆದೆ."
ಸ್ವಲ್ಪ ಹೊತ್ತು ಕಡಲು ನೋಡಿದ.
"ಮುಚ್ಚಳ ಹಾಕಿದೆ. ದಡದವರೆಗೂ ಅಪ್ಪಿಕೊಂಡಿದ್ದೆ.
ಒಂದು ಹನಿ ತುಳುಕಿಸಲಿಲ್ಲ."

ಯಾರಿಗೂ ಯಾಕೆ ಹೇಳಲಿಲ್ಲ ಅಂದೆ.
ಯಾರೂ ಕೇಳಲಿಲ್ಲ ಅಂದ.

ಮನೆಗೆ ಬಂದು ಹಿಂಗೋಡೆಯ ಹಲಗೆ ಎರಡು ಕಿತ್ತೆ.
ತೊಲೆಯ ತುದಿಯಲ್ಲಿ ಗರಗಸದ ಗುರುತು:
ಮೇಲಿಂದ ನೇರ ಇಳಿದು, ನಡುವೆ ನಿಂತು,
ಬೇರೆ ಕೋನದಿಂದ ಮತ್ತೆ ಶುರು.
ಕೊಯ್ದವನು ಕೈ ಬದಲಿಸಿದ್ದಾನೆ,
ಇಲ್ಲ ಹೊರಗೆ ಹೋಗಿ ಬಂದಿದ್ದಾನೆ.
ಪೀಪಾಯಿ ಸಾಲಲಿಲ್ಲವೋ,
ಅವಳು ಸತ್ತ ಮಂಚ ಆ ಕೋಣೆಯಲ್ಲಿತ್ತೋ.
ಮರ ಹೇಳುವುದು ಇಷ್ಟೇ. ಹಲಗೆ ಮತ್ತೆ ಬಡಿದೆ.

ಈ ಸಲ ಕ್ರಿಸ್‌ಮಸ್ಸಿಗೆ ಆಂಬ್ರೋಸನನ್ನೂ ಕರೆದೆ.
ದೊಡ್ಡಪ್ಪ ಶುರುಮಾಡಿದ. ತಿಮಿಂಗಿಲ ವಾಪಸು ಬಂದಿತ್ತು.
"ಒಂದು ಹನಿಯೂ..." ಅಂದು ಸುತ್ತ ನೋಡಿದ.
"ಒಂದು ಹನಿಯೂ," ಅಂದ ಆಂಬ್ರೋಸ್,
ಸಾಕ್ಷಿ ಕಟ್ಟೆಯಲ್ಲಿ ನಿಂತವನ ಹಾಗೆ.
ನಾನೆದ್ದು ಎಲ್ಲರಿಗೂ ಚಹಾ ಬಗ್ಗಿಸಿದೆ,
ಬೇರೆ ಪಾತ್ರೆಯಿಂದ.